ಮಾರ್ಕಸ್ ಅಜ್ಜನ ಪರವಾಗಿ ಎರಡು ಮಾತು

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ನನಗೆ ಬೈದು ಬರೆದವು. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ ಬಿಡಿ. ಎರಡು ಸಂಚಿಕೆ ಹಿಂದೆ ‘ಫೈರ್ ಎಂಬ್ಲಮ್’ ಆಟದ ಬಗ್ಗೆ ಯಾರೋ ಕೇಳಿದ್ದರು. ಅವತ್ತು ನನ್ನ ಜೆರಾಕ್ಸ್ ಅಂಗಡಿ ತುಂಬ ಹಾಲ್ ಟಿಕೆಟ್ ಪ್ರಿಂಟಿಗೆ ನಿಂತ ಮಕ್ಕಳು. ಆ ಆಟದಲ್ಲಿ ಬರುವ ಹಿರಿಯ ಕುದುರೆ ಸವಾರನ ಬಗ್ಗೆ “ಮಾರ್ಕಸ್‌ನನ್ನು ಪಕ್ಕಕ್ಕಿಡಿ, ಅವನು ಹುಡುಗರ ಎಕ್ಸ್‌ಪಿ ತಿಂದುಹಾಕುತ್ತಾನೆ” ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡೆ. ಅದರ ಫಲ ಈಗ ಮೇಜಿನ ಮೇಲಿದೆ.

ಹೊಸ ಓದುಗರಿಗೆ ಒಂದು ಮಾತು. ಇದು ಚದುರಂಗದ ಹಾಗೆ ಮನೆಗಳಿರುವ ಮ್ಯಾಪಿನ ಮೇಲೆ ಆಡುವ ಯುದ್ಧದ ವಿಡಿಯೋ ಗೇಮ್. ನಿಮ್ಮ ಸರದಿ, ಆಮೇಲೆ ಶತ್ರುವಿನ ಸರದಿ. ಒಂದೊಂದು ಕಾಯಿಗೂ ಹೆಸರು, ಮುಖ, ಮನೆತನದ ಕಥೆ ಇರುತ್ತದೆ. ಹೊಡೆದಾಡಿದರೆ ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಅದು ನೂರು ತುಂಬಿದರೆ ಒಂದು ಲೆವೆಲ್. ಹಳೆಯ ಕ್ರಮದಲ್ಲಿ ಸತ್ತವರು ಸತ್ತ ಹಾಗೇ, ಮುಂದಿನ ಮ್ಯಾಪಿಗೆ ಬರುವುದಿಲ್ಲ. ಮೊದಲ ಆಟ ಜಪಾನಿನಲ್ಲಿ ಬಂದಿದ್ದು 1990ರಲ್ಲಿ. ಆಮೇಲೆ ಇದೇ ಸರಣಿಯಲ್ಲಿ ಬೇರೆ ಬೇರೆ ಹೆಸರಿನ ಆಟಗಳು ಬಂದವು. ಯಾರು ಕೆಲಸಕ್ಕೆ ಬರುತ್ತಾರೆ, ಯಾರು ದಂಡ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಅಕ್ಕಾ, ನೀವು ಹೇಳಿದಿರಿ ಅಂತ ಮಾರ್ಕಸ್‌ನನ್ನು ಮೂಲೆಗೆ ಕೂರಿಸಿದೆ. ಎಲಿವುಡ್ ಕಥೆಯ ನಾಲ್ಕನೇ ಮ್ಯಾಪಿನಲ್ಲೇ ಮೂವರು ಸತ್ತರು. ಇದಕ್ಕೆ ಯಾರು ಹೊಣೆ?
— ಬಿ.ಕಾಂ. ವಿದ್ಯಾರ್ಥಿ, ಹರಿಹರ

ನಾನೇ ಹೊಣೆ, ತಮ್ಮಾ. ಬಡ್ಡಿ ಸಮೇತ ಉತ್ತರ ಕೊಡುತ್ತೇನೆ.

ನೀವು ಆಡುತ್ತಿರುವುದು 2003ರ ಆಟ. ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದದ್ದು, ಜಪಾನಿನ ಹೊರಗೆ ಬಿಡುಗಡೆಯಾದ ಮೊದಲ ಫೈರ್ ಎಂಬ್ಲಮ್. ಅದರಲ್ಲಿ ಮಾರ್ಕಸ್ ಬರುವಾಗಲೇ ಪ್ರೊಮೋಷನ್ ಆಗಿರುವ ಕುದುರೆ ಸವಾರ. ತೀರಾ ಅಜ್ಜನಲ್ಲ, ಆದರೆ ನಮ್ಮ ಮನೆಯಲ್ಲಿ ಅವನಿಗೆ ಅದೇ ಹೆಸರು. ಅವನ ಬಲ 15. ಪಕ್ಕದಲ್ಲಿ ನಿಂತ ನಾಯಕ ಎಲಿವುಡ್‌ನ ಬಲ 5. ಅಜ್ಜ ಒಂದು ಸರದಿಗೆ 8 ಮನೆ ಓಡುತ್ತಾನೆ, ಎಲಿವುಡ್ 5 ಮನೆ.

ಆಡುವವರು ಎಡವುವುದು ಎಲ್ಲಿ ಅಂದರೆ, ಬೆಳವಣಿಗೆಯ ಲೆಕ್ಕದಲ್ಲಿ. ಈ ಆಟದಲ್ಲಿ ಲೆವೆಲ್ ಏರಿದಾಗ ಒಂದೊಂದು ಗುಣವೂ ಇಷ್ಟು ಪರ್ಸೆಂಟ್ ಸಾಧ್ಯತೆಯಲ್ಲಿ ಒಂದು ಅಂಕ ಏರುತ್ತದೆ. ಎಲಿವುಡ್‌ಗೆ ಬಲ ಏರುವ ಸಾಧ್ಯತೆ ನೂರಕ್ಕೆ 45, ಮಾರ್ಕಸ್‌ಗೆ 30. ರಕ್ಷಣೆಯಲ್ಲಂತೂ ಅಜ್ಜನದು ಬರೀ 15. ಇದನ್ನು ನೋಡಿ, “ಕೊನೆಗೆ ಎಲಿವುಡ್ಡೇ ಗೆಲ್ಲುತ್ತಾನೆ, ಅಜ್ಜನಿಗೆ ಕೊಟ್ಟ ಎಕ್ಸ್‌ಪಿ ಹೊಳೆಗೆ ಹಾಕಿದ ಹಾಗೆ” ಅಂತ ತೀರ್ಮಾನ. ನಾನೂ ಅದೇ ತೀರ್ಮಾನದವಳಾಗಿದ್ದೆ.

ನನ್ನ ತಲೆ ತಿರುಗಿಸಿದ್ದು ಒಂದು ನಕಲಿ ಕ್ಯಾಸೆಟ್. 2005ರಲ್ಲಿ ನನ್ನ ತಮ್ಮ ಬೆಂಗಳೂರಿನ ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದ. ಆಟ ಚೆನ್ನಾಗಿ ಓಡುತ್ತಿತ್ತು. ಎರಡು ಮೂರು ದಿನ ಮುಟ್ಟದೆ ಬಿಟ್ಟರೆ ಮಾತ್ರ ಸೇವ್ ಆಗಿದ್ದೆಲ್ಲ ಮಾಯ. ಮತ್ತೆ ಮೊದಲಿನಿಂದ, ಅದೇ ಲಿನ್ ಹುಡುಗಿಯ ಪಾಠದ ಮ್ಯಾಪುಗಳು. ಅವು ನನಗೆ ಎರಡರ ಮಗ್ಗಿಯ ಹಾಗೆ ಬಾಯಿಪಾಠ ಆಗಿಹೋಗಿದ್ದವು. ಅವನ್ನು ದಾಟಿ ಎಲಿವುಡ್ ಕಥೆಗೆ ಬಂದರೆ, ಸೇವ್ ಹೋಗುವುದರೊಳಗೆ ಎಷ್ಟು ದೂರ ಸಾಧ್ಯವೋ ಅಷ್ಟು ಓಡಬೇಕು. ಎಳೆಯ ಹುಡುಗರನ್ನು ಬೆಳೆಸುತ್ತ ಕೂತ ಸಲವೆಲ್ಲ ಅರ್ಧ ದಾರಿಯಲ್ಲೇ ಸೇವ್ ಹೋಯಿತು. ಒಂದು ಸಲ ಸಿಟ್ಟಿನಿಂದ ಅಜ್ಜನನ್ನೇ ಮುಂದೆ ಬಿಟ್ಟೆ. ಮೂರು ದಿನಕ್ಕೆ ಮುಟ್ಟುತ್ತಿದ್ದ ಮ್ಯಾಪನ್ನು ಒಂದೂವರೆ ದಿನದಲ್ಲಿ ಮುಟ್ಟಿದೆ. ಒಬ್ಬರೂ ಸತ್ತಿರಲಿಲ್ಲ.

ಇಪ್ಪತ್ತು ಲೆವೆಲ್ ಆದ ಮೇಲೆ ಯಾರು ಎಷ್ಟು ಎತ್ತರ ಎಂಬುದು ಮದುವೆ ಜಾತಕ ನೋಡಿದ ಹಾಗೆ. ಇವತ್ತಿನ ಅಡುಗೆ ಯಾರು ಮಾಡುತ್ತಾರೆ ಎಂಬುದು ಬೇರೆ ಪ್ರಶ್ನೆ. ಎಲಿವುಡ್ ದೊಡ್ಡವನಾಗುವ ತನಕ ಅವನು ಬದುಕಿರಬೇಕಲ್ವಾ? ಆ ಬದುಕನ್ನು ಕೊಡುವವನು ಮಾರ್ಕಸ್.

ಎಕ್ಸ್‌ಪಿ ಚಿಂತೆ ಇದ್ದರೆ ಹೀಗೆ ಮಾಡಿ. ಅಜ್ಜನ ಕೈಗೆ ಕಬ್ಬಿಣದ ಭರ್ಜಿ ಕೊಡಿ, ಬೆಳ್ಳಿಯದ್ದು ಬೇಡ. ಅವನು ಮುಂದೆ ಹೋಗಿ ಶತ್ರುಗಳ ಏಟು ತಿಂದು, ತಿರುಗಿ ಹೊಡೆದು ಅರ್ಧ ಸುಸ್ತು ಮಾಡಲಿ. ನಿಮ್ಮ ಸರದಿ ಬಂದಾಗ ಕೊನೆಯ ಏಟನ್ನು ಹುಡುಗರು ಹಾಕಲಿ. ಎಕ್ಸ್‌ಪಿ ಜಾಸ್ತಿ ಸಿಗುವುದು ಆ ಕೊನೆಯ ಏಟಿಗೇ.

ಮಾರ್ಕಸ್ ಸರಿ. ಆದರೆ ಮುಂದಿನ ಆಟದಲ್ಲಿ ಸೆತ್ ಬಂದನಲ್ಲ, ಅವನೂ ಇದೇ ಜಾತಿಯೇ?
— ಮೊಬೈಲ್ ರಿಪೇರಿ ಅಂಗಡಿಯವರು, ಚಳ್ಳಕೆರೆ

ವೇಷ ಅದೇ, ಒಳಗೆ ಬೇರೆ. ಮೊದಲ ಆಟದಲ್ಲಿ ಜೇಗನ್ ಎಂಬ ಹಿರಿಯ ಸವಾರ ಇದ್ದ. ಮೊದಲಿಗೆ ಗಟ್ಟಿ, ಆಮೇಲೆ ಬೆಳೆಯುವುದಿಲ್ಲ. ಇಂಥವರಿಗೆಲ್ಲ ಅಭಿಮಾನಿಗಳು ‘ಜೇಗನ್’ ಎಂದೇ ಹೆಸರಿಟ್ಟಿದ್ದಾರೆ. 2004ರ ‘ಸೇಕ್ರೆಡ್ ಸ್ಟೋನ್ಸ್’ ಮಾಡುವಾಗ ಆ ಅಚ್ಚನ್ನೇ ಮುರಿದರು. ಸೆತ್‌ಗೆ ಮೊದಲಿನ ಬಲವೂ ಇದೆ, ಬೆಳವಣಿಗೆಯೂ ಇದೆ. ಬಲಕ್ಕೆ 50, ರಕ್ಷಣೆಗೆ 40. ಮಾರ್ಕಸ್‌ನ 15ರ ಪಕ್ಕ ಆ 40 ಇಟ್ಟು ನೋಡಿ. ಹೆಚ್ಚುಕಡಿಮೆ ಇಡೀ ಆಟವನ್ನು ಅವನೊಬ್ಬನೇ ಮುಗಿಸಿಬಿಡಬಲ್ಲ.

ನನಗೆ ಇದು ಅಷ್ಟು ರುಚಿಸಲಿಲ್ಲ. ಜೇಗನ್‌ನ ಸೊಗಸು ಇರುವುದೇ ಅವನು ನಿಧಾನಕ್ಕೆ ಹಿಂದೆ ಸರಿಯುವುದರಲ್ಲಿ. ಯಾವಾಗ ಅವನ ಕೈ ಬಿಡಬೇಕು ಎಂದು ನೀವು ಯೋಚಿಸಬೇಕು. ಸೆತ್ ವಿಷಯದಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ.

2003ರ ಆಟದ ‘ನೀನೋ’ ಎಂಬ ಹುಡುಗಿಯ ಬಗ್ಗೆ ಯಾಕೆ ಬರೆಯುವುದಿಲ್ಲ? ಅವಳಷ್ಟು ಬೆಳೆಯುವ ಮಂತ್ರಗಾತಿ ಆ ಆಟದಲ್ಲೇ ಇಲ್ಲ.
— ಗೃಹಿಣಿ, ಚನ್ನಗಿರಿ

ಬೆಳೆಯುತ್ತಾಳೆ, ಒಪ್ಪಿದೆ. ಆದರೆ ಬರುವುದು ಯಾವಾಗ? ಕಥೆ ಮುಗಿಯುವ ಹೊತ್ತಿಗೆ, ಅದೂ ಐದನೇ ಲೆವೆಲ್‌ನಲ್ಲಿ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯಿತು. ಆ ಮಗುವನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ನಿಜ. ನಾನೂ ಪ್ರತಿ ಸಲ ಬೆಳೆಸುತ್ತೇನೆ. ಅದು ಪ್ರೀತಿಗೆ. ಉಪಯೋಗದ ಪಟ್ಟಿಯಲ್ಲಿ ಮಾತ್ರ ಅವಳನ್ನು ಮೇಲೆ ಹಾಕಲಾರೆ.

ಪರದೆಯ ಮೇಲೆ 80 ಪರ್ಸೆಂಟ್ ತೋರಿಸಿದರೆ ಏಟು ತಪ್ಪುವುದೇ ಇಲ್ಲ. 30 ತೋರಿಸಿದರೆ ಶತ್ರುವಿಗೆ ತಗಲಿಸಲು ಆಗುವುದೇ ಇಲ್ಲ. ಆಟ ನಮ್ಮ ಪರ ಮೋಸ ಮಾಡುತ್ತದೆಯೇ?
— ಡಿಪ್ಲೊಮಾ ವಿದ್ಯಾರ್ಥಿ, ಹಿರಿಯೂರು

ಮೋಸ ಅನ್ನಬೇಡಿ, ಮುಲಾಜು ಅನ್ನಿ. 2002ರ ‘ಬೈಂಡಿಂಗ್ ಬ್ಲೇಡ್’ನಿಂದ ಶುರುವಾದದ್ದು ಇದು. ಅದಕ್ಕಿಂತ ಮೊದಲು ಯಂತ್ರ ಒಂದೇ ಅಂಕಿ ಎತ್ತುತ್ತಿತ್ತು, 0ಯಿಂದ 99ರೊಳಗೆ. ಅದು 80ಕ್ಕಿಂತ ಕಡಿಮೆ ಇದ್ದರೆ ಏಟು ತಗಲಿತು. ಆಮೇಲೆ ಎರಡು ಅಂಕಿ ಎತ್ತಿ ಸರಾಸರಿ ತೆಗೆಯಲು ಶುರು ಮಾಡಿದರು. ಪರದೆಯ ಮೇಲೆ ತೋರಿಸುವುದು ಮಾತ್ರ ಹಳೆಯ ಲೆಕ್ಕವನ್ನೇ.

ಚೌಕಾಬಾರ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಕವಡೆ ಕೈಯಲ್ಲಿ ಕುಲುಕಿ ಬಿಡಿ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಎರಡೂ ಕಡೆಗೆ ಸಮ ಬೀಳುತ್ತದೆ ಅಂತ ಇಟ್ಟುಕೊಂಡರೆ, 16 ಸಲದಲ್ಲಿ ಚೌಕ ಒಂದು ಸಲ, ಬಾರ ಒಂದು ಸಲ. ಎರಡು ಬೀಳುವುದು 6 ಸಲ. ನಮ್ಮಜ್ಜಿ ಹುಣಸೆ ಬೀಜ ತೇಯ್ದು ಆಡುತ್ತಿದ್ದರು. ಚೌಕ ಬೇಕಾದಾಗ ಎರಡೇ ಬೀಳುತ್ತಿತ್ತು, ಬೀಜಕ್ಕೆ ಬೈಯುತ್ತಿದ್ದರು. ಬೀಜದ ತಪ್ಪಲ್ಲ. ಹಲವು ಕವಡೆ ಕೂಡಿದಾಗ ಫಲ ನಡುವಿಗೆ ಬಂದು ಗುಂಪಾಗುತ್ತದೆ, ತುದಿಗಳು ಅಪರೂಪ ಆಗುತ್ತವೆ.

ಎರಡು ಅಂಕಿಯ ಸರಾಸರಿಯಲ್ಲೂ ಹಾಗೇ. 80 ಎಂದು ತೋರಿಸಿದ್ದು ನಿಜಕ್ಕೆ 92. 90 ತೋರಿಸಿದ್ದು 98. ಕೆಳಗಿನ ಕಡೆ ಉಲ್ಟಾ, 30 ತೋರಿಸಿದ್ದು ನಿಜಕ್ಕೆ 18. ನಂಬಿಕೆ ಇಲ್ಲದಿದ್ದರೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ಎರಡೂ ಅಂಕಿ ಕೂಡಿದರೆ 160 ಅಥವಾ ಅದಕ್ಕಿಂತ ಜಾಸ್ತಿ ಬರುವ ಜೋಡಿಗಳು ಹತ್ತು ಸಾವಿರದಲ್ಲಿ 780 ಮಾತ್ರ. ನಾನು ಹಾಲ್ ಟಿಕೆಟ್ ಹಿಂದಿನ ಖಾಲಿ ಜಾಗದಲ್ಲಿ ಹಾಕಿ ನೋಡಿದ್ದೇನೆ.

ಈ ಒಂದು ಬದಲಾವಣೆಯಿಂದ ಯಾರಿಗೆ ಲಾಭ ಆಯಿತು ನೋಡಿ. ತಪ್ಪಿಸಿಕೊಂಡು ಹೊಡೆಯುವ ಕತ್ತಿಯವರಿಗೆ. ಅವರಿಗೆ ತಗಲುವ ಸಾಧ್ಯತೆ ಕಡಿಮೆ ಇರುತ್ತದೆ, ಈ ಲೆಕ್ಕದಲ್ಲಿ ಅದು ಇನ್ನೂ ಕಡಿಮೆಯಾಗುತ್ತದೆ. ಅವರ ಗುಣಗಳನ್ನು ಯಾರೂ ಮುಟ್ಟಲಿಲ್ಲ. ಕವಡೆ ಬದಲಾಯಿತು, ಅವರ ಬೆಲೆ ಏರಿತು. ಟಿಯರ್ ಲಿಸ್ಟ್, ಅಂದರೆ ಯಾರು ಮೇಲು ಯಾರು ಕೆಳಗೆ ಎಂಬ ಪಟ್ಟಿ, ಮಾಡುವವರು ಹಳೆಯ ಆಟದ ಕತ್ತಿಯವನನ್ನೂ ಹೊಸ ಆಟದವನನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಎರಡರ ಕಲ್ಲೇ ಬೇರೆ.

ಕವಚ ತೊಟ್ಟ ದಪ್ಪ ಸೈನಿಕರನ್ನು ಯಾಕೆ ಇಟ್ಟಿದ್ದಾರೆ? ಬರುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ.
— ಪ್ರವಾಸಿಗರಿಗೆ ಕೋಟೆ ತೋರಿಸುವವರು, ಚಿತ್ರದುರ್ಗ

ಬೇರೆ ಯಾರಾದರೂ ಕೇಳಿದ್ದರೆ ಸರಿ. ದಿನಾ ಕೋಟೆ ಹತ್ತಿ ಇಳಿಯುವ ನೀವು ಕೇಳಿದಿರಲ್ಲ!

ಬಯಲಿನಲ್ಲಿ ಅವರು ದಂಡವೇ. ಗೇಮ್ ಬಾಯ್ ಆಟಗಳಲ್ಲಿ ಅವರ ಓಟ 4 ಮನೆ. ಸಾದಾ ಕುದುರೆ ಸವಾರನದು 7. ಮ್ಯಾಪ್ ದೊಡ್ಡದಿದ್ದರೆ ಕವಚದವನು ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿರುತ್ತಾನೆ.

ಆದರೆ ನೀವು ದಿನಾ ಜನರಿಗೆ ತೋರಿಸುವ ಓಬವ್ವನ ಕಿಂಡಿಯನ್ನು ಒಂದು ಮ್ಯಾಪ್ ಅಂದುಕೊಳ್ಳಿ. ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಿರಲಿ, ಆ ಕಿಂಡಿಯಲ್ಲಿ ತಲೆ ಹಾಕುವವನು ಒಂದು ಸರದಿಗೆ ಒಬ್ಬನೇ. ಓಬವ್ವನ ಅಂಕಿಗಳನ್ನು ಆಟದ ರೀತಿಯಲ್ಲಿ ಬರೆದರೆ ಟಿಯರ್ ಲಿಸ್ಟ್‌ನ ತಳದಲ್ಲಿ ಇರುತ್ತಾಳೆ. ಕುದುರೆ ಇಲ್ಲ, ಕವಚ ಇಲ್ಲ, ಆಯುಧ ಅಂದರೆ ಭತ್ತ ಕುಟ್ಟುವ ಒನಕೆ. ಓಟ ಲೆಕ್ಕಕ್ಕೇ ಬರಲಿಲ್ಲ, ಅವಳು ಓಡಬೇಕಾಗಿರಲಿಲ್ಲ. ಅದೇ ಒನಕೆ ಹಿಡಿಸಿ ಬಯಲಿಗೆ ಬಿಟ್ಟಿದ್ದರೆ ನಾವು ಇವತ್ತು ಅವಳ ಹೆಸರು ಹೇಳುತ್ತಿರಲಿಲ್ಲ.

ಕಿಂಡಿ ಇರುವ ಮ್ಯಾಪಿನಲ್ಲಿ ಕವಚದವನನ್ನು ನಿಲ್ಲಿಸಿ. 2003ರ ಆಟದ ಆಸ್ವಿನ್ ಅಂಥವನು. ಬೇಗ ಬರುತ್ತಾನೆ, ಬರುವಾಗಲೇ ರಕ್ಷಣೆ 13. ಬಾಗಿಲಲ್ಲಿ ನಿಲ್ಲಿಸಿ ನೀವು ಹೋಗಿ ಒಂದು ಲೋಟ ಟೀ ಕುಡಿದು ಬರಬಹುದು.

2019ರ ‘ತ್ರೀ ಹೌಸಸ್’ನಲ್ಲಿ ಕತ್ತಿ-ಕೊಡಲಿ-ಭರ್ಜಿ ತ್ರಿಕೋನ ತೆಗೆದರು. 2023ರ ‘ಎಂಗೇಜ್’ನಲ್ಲಿ ವಾಪಸ್ ತಂದರು. ಯಾವುದು ಸರಿ? ನಮ್ಮ ರೂಮಿನಲ್ಲಿ ಇದೇ ವಿಷಯಕ್ಕೆ ಇಬ್ಬರು ಮಾತು ಬಿಟ್ಟಿದ್ದಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಇಬ್ಬರನ್ನೂ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗಿ, ಒಂದೇ ತಟ್ಟೆಯಲ್ಲಿ ತಿನ್ನಿಸಿ. ಆಮೇಲೆ ಇದನ್ನು ಓದಿ ಹೇಳಿ.

ಕತ್ತಿ ಕೊಡಲಿಯನ್ನು ಗೆಲ್ಲುತ್ತದೆ, ಕೊಡಲಿ ಭರ್ಜಿಯನ್ನು, ಭರ್ಜಿ ಕತ್ತಿಯನ್ನು. ಈ ತ್ರಿಕೋನ ಬಂದಿದ್ದು 1996ರ ಆಟದಲ್ಲಿ. ‘ತ್ರೀ ಹೌಸಸ್’ನಲ್ಲಿ ಅದನ್ನು ಬಿಟ್ಟು, ಬೇಕಾದವರು ಕಲಿತು ಪಡೆಯುವ ಕೌಶಲ ಮಾಡಿದರು. ಜೊತೆಗೆ ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಹೆಚ್ಚುಕಡಿಮೆ ಸವಾರ, ಬಿಲ್ಲುಗಾರ ಇಂಥ ಯಾವ ಕ್ಲಾಸ್‌ಗಾದರೂ ಹೋಗಬಹುದು. ಕೇಳಲು ಚೆನ್ನಾಗಿದೆ. ಆಗಿದ್ದೇನು? ನನ್ನ ಮಗನ ಸೈನ್ಯ ನೋಡಿದೆ. ಅರ್ಧ ಜನ ವೈವರ್ನ್ ಎಂಬ ಹಾರುವ ಡ್ರ್ಯಾಗನ್ ಹತ್ತಿದ್ದಾರೆ, ಕೈಯಲ್ಲಿ ಕೊಡಲಿ. ಹೊಡೆದ ಮೇಲೂ ಉಳಿದ ಹೆಜ್ಜೆ ಹಾರಿ ಹಿಂದೆ ಬರಬಹುದು, ಹಾಗಿದ್ದ ಮೇಲೆ ಬೇರೆ ಯಾಕೆ? ಹೆಸರು ಬೇರೆ ಬೇರೆ, ಕೆಲಸ ಒಂದೇ. ನಮ್ಮ ಊರಿನಲ್ಲಿ ಎಲ್ಲರೂ ಒಂದೇ ವರ್ಷ ಮೆಕ್ಕೆಜೋಳ ಹಾಕಿದ ಹಾಗೆ.

‘ಎಂಗೇಜ್’ನವರು ತ್ರಿಕೋನ ತಂದದ್ದಷ್ಟೇ ಅಲ್ಲ, ಅದಕ್ಕೆ ಹಲ್ಲು ಕೊಟ್ಟರು. ಮೇಲುಗೈ ಆಯುಧದ ಏಟು ಬಿದ್ದರೆ ಎದುರಿನವನು ‘ಬ್ರೇಕ್’. ಆ ಹೊಡೆದಾಟದಲ್ಲೂ ಅದರ ಮುಂದಿನದರಲ್ಲೂ ಅವನು ತಿರುಗಿ ಹೊಡೆಯಲಾರ. ಈಗ ಯಾರನ್ನು ಮೊದಲು ಕಳಿಸಬೇಕು ಎಂಬುದೇ ಆಟ. ಕತ್ತಿಯವನು ಕೊಡಲಿಯವನನ್ನು ಬ್ರೇಕ್ ಮಾಡಿದರೆ, ಹಿಂದೆ ಬರುವ ಬಡಪಾಯಿ ಬಿಲ್ಲುಗಾರನೂ ಧೈರ್ಯವಾಗಿ ಪಕ್ಕದಲ್ಲಿ ನಿಲ್ಲಬಹುದು. ಇನ್ನೊಂದು ಮಾತು, ಚಿತ್ರದುರ್ಗದವರೇ, ನೀವೂ ಕೇಳಿಸಿಕೊಳ್ಳಿ. ಕವಚದವರು ಬ್ರೇಕ್ ಆಗುವುದಿಲ್ಲ. ಅವರ ಅಂಕಿಗಳಿಗಿಂತ ಜಾಸ್ತಿ ಕೆಲಸ ಈ ಒಂದು ನಿಯಮ ಮಾಡಿತು.

ನನ್ನ ಮತ ‘ಎಂಗೇಜ್’ಗೆ. ಕಥೆ ಮಾತ್ರ ಕೇಳಬೇಡಿ, ನಿದ್ದೆ ಬಂದಿತ್ತು. ನಾಯಕನ ಕೂದಲನ್ನು ಅರ್ಧ ಕೆಂಪು ಅರ್ಧ ನೀಲಿ ಮಾಡಿದ್ದಕ್ಕೆ ಜನ ಟೂತ್‌ಪೇಸ್ಟ್ ಅಂತ ಆಡಿಕೊಂಡರು. ನನಗೆ ಅದರಿಂದ ಅನುಕೂಲವೇ ಆಯಿತು, ಚಾಳೀಸು ಇಲ್ಲದೆಯೂ ನಾಯಕ ಎಲ್ಲಿದ್ದಾನೆ ಅಂತ ಕಾಣುತ್ತದೆ.

ಮೇಡಂ, ಸತ್ತವರು ವಾಪಸ್ ಬರುವ ಕ್ಯಾಶುಯಲ್ ಮೋಡ್‌ನಲ್ಲಿ ಆಡುವುದು ಅವಮಾನವೇ?
— ಹೊನ್ನಾಳಿ

ಅವಮಾನ ಯಾಕೆ? ದುಡ್ಡು ನಿಮ್ಮದು, ಸಂಜೆ ನಿಮ್ಮದು. ಕ್ಯಾಶುಯಲ್ ಬಂದದ್ದು 2010ರಲ್ಲಿ, ಡಿಎಸ್ ಎಂಬ ಕೈಯಂತ್ರಕ್ಕೆ ಜಪಾನಿನಲ್ಲಿ ಮಾತ್ರ ಬಿಟ್ಟ ಒಂದು ಆಟದಲ್ಲಿ. 2012ರ ‘ಅವೇಕನಿಂಗ್’ ಅದನ್ನು ಮನೆ ಮನೆಗೆ ಮುಟ್ಟಿಸಿತು. ನನ್ನ ಮಗ ಅದರಲ್ಲೇ ಆಡುತ್ತಾನೆ. ನಾನು ಹಳೆಯ ಕ್ರಮದಲ್ಲಿ ಆಡಿ, ಒಬ್ಬರು ಸತ್ತರೆ ಮುಖ ಊದಿಸಿಕೊಂಡು ಮಲಗುತ್ತೇನೆ.

ಒಂದು ಮಾತ್ರ ನೆನಪಿರಲಿ. ಮೋಡ್ ಬದಲಾದರೆ ಯಾರು ಒಳ್ಳೆಯವರು ಎಂಬುದೂ ಬದಲಾಗುತ್ತದೆ. 2017ರ ‘ಎಕೋಸ್’ನಿಂದ ಸರದಿಯನ್ನು ಹಿಂದಕ್ಕೆ ತಿರುಗಿಸುವ ಸೌಕರ್ಯವೂ ಬಂದಿದೆ. ಆಗ, ಜೋರಾಗಿ ಹೊಡೆದು ಒಂದೇ ಏಟಿಗೆ ಬೀಳುವ ಗಾಜಿನಂಥವರ ಬೆಲೆ ಏರುತ್ತದೆ. ಬಿದ್ದರೆ ತಿರುಗಿಸಿದರಾಯಿತು. ನನ್ನ ಕ್ರಮದಲ್ಲಿ ಅವರನ್ನು ಮುಂದೆ ಕಳಿಸಲು ಕೈ ನಡುಗುತ್ತದೆ. ಹಾಗಾಗಿ ನನ್ನ ಮಗನ ಪಟ್ಟಿಗೂ ನನ್ನ ಪಟ್ಟಿಗೂ ತಾಳೆಯೇ ಆಗುವುದಿಲ್ಲ, ಇಬ್ಬರೂ ಸರಿ.

‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ನಲ್ಲಿ ಓರ್ಲಾಂಡೋನನ್ನು ಬಳಸುವುದು ಕಳ್ಳಾಟವೇ?
— ಜಗಳೂರು

ಇದು ಇನ್ನೊಂದು ಯುದ್ಧದ ಆಟದ ಮಾತು. ನಾಲ್ಕನೇ ಅಧ್ಯಾಯದ ತನಕ ಕಷ್ಟಪಟ್ಟವರ ಮನೆಗೆ ಎಕ್ಸ್‌ಕ್ಯಾಲಿಬರ್ ಕತ್ತಿ ಸಮೇತ ಬರುವ ನೆಂಟ ಅವನು. ಊಟ ಹಾಕಿ, ಕೆಲಸ ಮಾಡಿಸಿಕೊಳ್ಳಿ.

‘ಟ್ಯಾಕ್ಟಿಕ್ಸ್ ಓಗರ್’ನ ಪಿಎಸ್‌ಪಿ ಆವೃತ್ತಿ ಒಳ್ಳೆಯದೋ, ‘ರೀಬಾರ್ನ್’ ಒಳ್ಳೆಯದೋ?
— ಬ್ಯಾಂಕ್ ನೌಕರರು, ದಾವಣಗೆರೆ

ಇದೂ ಬೇರೊಂದು ಯುದ್ಧದ ಆಟವೇ. ಪಿಎಸ್‌ಪಿ ಎಂಬ ಕೈಯಂತ್ರಕ್ಕೆ 2010ರಲ್ಲಿ ಬಂದ ಆವೃತ್ತಿಯಲ್ಲಿ ಲೆವೆಲ್ ವ್ಯಕ್ತಿಯದಲ್ಲ, ಕ್ಲಾಸಿನದು. ನಿಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸೇವಾ ಹಿರಿತನ ಕುರ್ಚಿಗೆ, ಕೂತವನಿಗಲ್ಲ. ಕಥೆ ಅರ್ಧ ದಾಟಿದ ಮೇಲೆ ಹೊಸ ಕ್ಲಾಸ್ ಸಿಕ್ಕರೆ ಅದು ಒಂದನೇ ಲೆವೆಲ್‌ನಿಂದ ಶುರು. ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. 2022ರ ‘ರೀಬಾರ್ನ್’ನಲ್ಲಿ ಲೆವೆಲ್ ಮತ್ತೆ ವ್ಯಕ್ತಿಗೆ ಬಂತು. ಅದು ಒಳ್ಳೆಯದಾಯಿತು. ಆದರೆ ಇಡೀ ಪಡೆಗೆ ಒಂದು ಮಿತಿ ಹಾಕಿದರು, ಅದಕ್ಕಿಂತ ಮೇಲೆ ಏರುವಂತಿಲ್ಲ. ಬೇಜಾನ್ ಬೆಳೆಸಿಕೊಂಡು ಹೋಗಿ ಸಲೀಸಾಗಿ ಗೆಲ್ಲುವ ಅಭ್ಯಾಸ ಇದ್ದವರು ಗೊಣಗಿದರು. ನಾನು ಮಿತಿಯ ಪರ. ಮ್ಯಾಪಿನ ಮೇಲೆ ಕಾರ್ಡುಗಳನ್ನು ಉದುರಿಸಿದ್ದಾರಲ್ಲ, ಓಡಿ ಹೋಗಿ ಹೆಕ್ಕಿದರೆ ಬಲ ಬರುವಂಥವು, ಅವನ್ನು ಮಾತ್ರ ಯಾರಾದರೂ ಗುಡಿಸಿ ಹಾಕಲಿ.

ಮೊಮ್ಮಗಳು ಈ ಆಟದಲ್ಲಿ “ಹೊಸ ಆವೃತ್ತಿಯಲ್ಲಿ ಹಾಳು ಮಾಡಿದರು” ಅಂತ ದಿನಾ ಕೂಗಾಡುತ್ತಾಳೆ. ನಮ್ಮ ಕಾಲದ ಆಟಗಳಲ್ಲಿ ಇಂಥ ರಗಳೆ ಇರಲಿಲ್ಲ.
— ನಿವೃತ್ತ ಶಿಕ್ಷಕರು, ಹೊಳಲ್ಕೆರೆ

ಇತ್ತು ಮೇಷ್ಟ್ರೇ. ನೀವು ಚದುರಂಗ ಆಡುತ್ತೀರಿ ಅಂತ ಪತ್ರದಲ್ಲೇ ಬರೆದಿದ್ದೀರಿ. ಅದರಲ್ಲಿ ಮಂತ್ರಿ ಎಷ್ಟು ಮನೆ ಹೋಗುತ್ತಾನೆ? ಎಂಟು ದಿಕ್ಕಿಗೂ, ದಾರಿ ಖಾಲಿ ಇರುವಷ್ಟು. ನಮ್ಮ ದೇಶದಲ್ಲಿ ಹುಟ್ಟಿದ ಹಳೆಯ ಚತುರಂಗದಲ್ಲಿ ಅದೇ ಮಂತ್ರಿ ಓರೆಯಾಗಿ ಒಂದೇ ಒಂದು ಮನೆ ನಡೆಯುತ್ತಿದ್ದ. ರಾಜನ ಪಕ್ಕ ನಿಂತು ಕೆಮ್ಮುವುದು ಬಿಟ್ಟರೆ ಹೆಚ್ಚು ಕೆಲಸ ಇರಲಿಲ್ಲ. 15ನೇ ಶತಮಾನದ ಕೊನೆಯಲ್ಲಿ ಅಷ್ಟರಲ್ಲಿ ಅವನನ್ನು ರಾಣಿ ಮಾಡಿದ್ದ ಯುರೋಪಿನವರು ಈಗಿನ ಓಟ ಕೊಟ್ಟರು. ಅವತ್ತೂ ಯಾರಾದರೂ ಒಬ್ಬರು “ಆಟ ಹಾಳು ಮಾಡಿದರು” ಎಂದು ಮಣೆ ಎತ್ತಿ ಬಿಸಾಕಿರದೆ ಇರಲಿಕ್ಕಿಲ್ಲ. ಮೊಮ್ಮಗಳನ್ನು ಬೈಯಬೇಡಿ. ಒಂದು ದಿನ ಅವಳ ಜೊತೆ ಹಳೆಯ ಮಂತ್ರಿಯ ನಿಯಮದಲ್ಲಿ ಒಂದು ಆಟ ಆಡಿ. ಕುದುರೆ ಎಷ್ಟು ದೊಡ್ಡ ಕಾಯಿ ಆಗಿಬಿಡುತ್ತದೆ ನೋಡಿ. ಕುದುರೆಯ ನಡೆ ಮಾತ್ರ ಅಂದಿನದೇ, ಒಂದು ಮನೆಯೂ ಬದಲಾಗಿಲ್ಲ.

ಕೊನೆಗೊಂದು ಅಂಗಡಿ ಸೂಚನೆ. ಹೋದ ತಿಂಗಳು ಇಬ್ಬರು ಹುಡುಗರು ಬಂದು 2003ರ ಆಟದ ಟಿಯರ್ ಲಿಸ್ಟ್ ಅನ್ನು ಎ3 ಹಾಳೆಯಲ್ಲಿ ಕಲರ್ ಪ್ರಿಂಟ್ ಹಾಕಿಸಿದರು. ಕೌಂಟರ್ ಮೇಲೇ ಜಗಳ ಶುರುವಾಯಿತು. ಒಬ್ಬ ನನ್ನ ಕೆಂಪು ಪೆನ್ನು ತೆಗೆದುಕೊಂಡು ಮಾರ್ಕಸ್‌ನನ್ನು ‘ಡಿ’ ಸಾಲಿನಿಂದ ಹೊಡೆದು ‘ಎ’ ಸಾಲಿಗೆ ಬರೆದ. ಇನ್ನೊಬ್ಬ ಅದನ್ನು ಹೊಡೆದು ಮತ್ತೆ ‘ಡಿ’ಗೆ ಇಳಿಸಿದ. ಬೈಕ್ ಹತ್ತುವಾಗಲೂ ಜಗಳ ನಡೆದೇ ಇತ್ತು, ಹಾಳೆ ಮರೆತು ಹೋದರು. ಅದು ಇನ್ನೂ ನನ್ನ ಕೌಂಟರ್ ಕೆಳಗಿದೆ, ಸುರುಳಿ ಸುತ್ತಿ ರಬ್ಬರ್ ಹಾಕಿ ಇಟ್ಟಿದ್ದೇನೆ. ನಲವತ್ತು ರೂಪಾಯಿ ಬಾಕಿ ಇದೆ, ಪೆನ್ನೂ ವಾಪಸ್ ಬಂದಿಲ್ಲ. ಅಜ್ಜನನ್ನು ಮತ್ತೆ ‘ಎ’ಗೆ ಏರಿಸಿದ್ದು ನಾನೇ, ನೀಲಿ ಇಂಕಿನಲ್ಲಿ.